ಕೋರಂ

ಶನಿವಾರ, ನಾಲ್ಕೂವರೆ. ದುರ್ಗಿಗುಡಿಯ ಹಿಂದಿನ ಹಾಲಿನಲ್ಲಿ
ಏಳು ಕುರ್ಚಿ. ಒಂದರ ಮುರಿದ ಕಾಲಿಗೆ
ಎಂಟನೇ ಕ್ಲಾಸಿನ ಹುಡುಗರು ಬಿದಿರು ಕೊಟ್ಟು ಹಗ್ಗ ಬಿಗಿದಿದ್ದಾರೆ;
ಅದೊಂದೇ ಅಲುಗುವುದಿಲ್ಲ.

ನಾನು ಕಾರ್ಯದರ್ಶಿ. ಸಂಬಳವಿಲ್ಲದ ಹದಿನಾರು ವರ್ಷ.
ಉಳಿದ ದಿನ ಬಸ್ ಡಿಪೋದಲ್ಲಿ ಟೈರು ಎಣಿಸುತ್ತೇನೆ.
ನಡಾವಳಿ ಪುಸ್ತಕ ತೆರೆದು ಬರೆದೆ:
ಹಾಜರಿ ಐದು. ಕೋರಂ ಇದೆ.

ವಿಷಯ ಒಂದು. ಸಕ್ರೆಬೈಲಿನ ಶಿಬಿರದ ಲೆಕ್ಕ.
ಅವಲಕ್ಕಿ, ಬೆಲ್ಲ, ಟೆಂಟಿನ ಬಾಡಿಗೆ,
ನೂರಾ ನಲವತ್ತು ರೂಪಾಯಿ ತಾಳೆಯಾಗುತ್ತಿಲ್ಲ.
ಫ್ಲೇವಿಯಾ ಟೀಚರ್ ಪರ್ಸು ತೆಗೆದರು.
ತಾಳೆಯಾಯಿತು.

ವಿಷಯ ಎರಡು. ಹುಡುಗ ಹುಡುಗಿಯರಿಗೆ ಒಂದೇ ಶಿಬಿರ ಸರಿಯೇ?
“ಕಾಲ ಕೆಟ್ಟಿದೆ” ಅಂದರು ಗುರುಬಸವಯ್ಯ.
“ಕೆಟ್ಟಿರೋದು ಕಾಲ ಅಲ್ಲ ಸರ್, ಟಾಯ್ಲೆಟ್ಟಿನ ಚಿಲಕ.”
ಚಿಲಕ ಹಾಕಿಸುವುದೆಂದು ತೀರ್ಮಾನ.
ಕಾಲದ ವಿಷಯ ಮುಂದಿನ ಸಭೆಗೆ.

ವಿಷಯ ಮೂರು. ತುಂಗಾನಗರದ ಹುಡುಗನೊಬ್ಬ
ಮೂರು ಬೆರಳೆತ್ತಿ ಪ್ರತಿಜ್ಞೆ ಹೇಳುವಾಗ
ದೇವರ ಹತ್ತಿರ ಬಾಯಿ ಮುಚ್ಚುತ್ತಾನೆ,
ದೇಶದ ಹತ್ತಿರ ಮತ್ತೆ ತೆರೆಯುತ್ತಾನೆ.
“ಯಾರ ಪೈಕಿ ಅವನು?”
“ಯಾರ ಪೈಕಿನೂ ಅಲ್ಲ. ಅವರಪ್ಪ ಹೋದಾಗಿಂದ ಹಂಗೇ.”
ಫ್ಯಾನಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.
ಬರೆದೆ: ಚರ್ಚಿಸಲಾಯಿತು.

ನಾಲ್ಕಕ್ಕೆ ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು.
ಹದಿನಾಲ್ಕನೇ ತಾರೀಕು ಮೆರವಣಿಗೆ. ದೊಡ್ಡವರು ಬರುತ್ತಾರೆ.
ಗೋಪಿ ಸರ್ಕಲ್ಲಿನಲ್ಲಿ ನಲವತ್ತು ಮಕ್ಕಳು
ಸ್ಕಾರ್ಫ್ ತೊಟ್ಟು ಎರಡು ಸಾಲು ನಿಲ್ಲಬೇಕು.
ಪತ್ರವಿಲ್ಲ. ನನ್ನ ಮೊಬೈಲಿಗೆ ಬಂದ ಮಾತು.

“ಜನ ಸೇರೋ ಕಡೆ ನೀರು ಕೊಡೋದು ಸೇವೆ ಅಲ್ವೇನ್ರಿ?”
“ನೀರಿಗೆ ಕರೀತಿಲ್ಲ, ಫೋಟೋಕ್ಕೆ ಕರೀತಿದಾರೆ” ಅಂದರು ಇನಾಯತ್ ಸರ್.
“ಹೋದ ಎಲೆಕ್ಷನ್ನಿಗೆ ಆ ಕಡೆಯೋರು ಕರೆದಾಗ
ಮಕ್ಕಳನ್ನ ವ್ಯಾನ್ ಹತ್ತಿಸಿದ್ದು ಯಾರು?”
ಇನಾಯತ್ ಸರ್ ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.

ಅಲ್ಲಿಂದ ಮಾತು ರೈಲು ಹತ್ತಿತು.
ದೆಹಲಿಗೆ ಹೋಯಿತು, ಗಡಿಗೆ ಹೋಯಿತು, ಸಿಲಿಂಡರಿನ ರೇಟಿಗೆ ಬಂತು,
ಇತಿಹಾಸದಲ್ಲಿ ಮುನ್ನೂರು ವರ್ಷ ಹಿಂದಕ್ಕೆ ಸರಿದು
ಯಾರದೋ ಭಾವನ ಬಗರ್‌ಹುಕುಂ ಅರ್ಜಿಯ ಬಳಿ ಇಳಿಯಿತು.
ಮೇಜು ಗುದ್ದಿದ್ದರಿಂದ ಒಂದು ಲೋಟ ಟೀ ಚೆಲ್ಲಿತು.
ಪುಸ್ತಕ ಎತ್ತಿ ಹಿಡಿದುಕೊಂಡೆ.
ಈ ಹಾಲಿನ ಲೀಸು ಮಾರ್ಚಿಗೆ ಮುಗಿಯುತ್ತದೆ,
ಫೈಲು ಯಾರ ಮೇಜಿನ ಮೇಲಿದೆಯೆಂದು ಎಲ್ಲರಿಗೂ ಗೊತ್ತು.
ನಾನು ಬಾಯಿ ಬಿಡಲಿಲ್ಲ. ಕಳಿಸೋಣ ಅಂತಲೇ ಇದ್ದೆ.

ಮೂಲೆಯಲ್ಲಿ ಹೂವಪ್ಪನವರು, ಎಪ್ಪತ್ತೊಂದು ವಯಸ್ಸು,
ಯಾರೋ ಮಗುವಿನ ಸ್ಕಾರ್ಫಿನ ಅಂಚು ಹೊಲಿಯುತ್ತಿದ್ದವರು
ದಾರ ಕಚ್ಚಿ ಕತ್ತರಿಸಿ ಕೇಳಿದರು:
“ಹೋದ ಸಲ ಬಿಸಿಲಲ್ಲಿ ಬಿದ್ದಳಲ್ಲ, ಆ ಹುಡುಗಿ,
ಹೆಸರೇನು ಅವಳದು?”

ಯಾರಿಗೂ ನೆನಪಿರಲಿಲ್ಲ.
ಅವರು ಕಾದರು. ರಿಜಿಸ್ಟರ್ ತಿರುವಿ ಹಾಕಿದೆ.
ನಾಗವೇಣಿ ಎಚ್., ಏಳನೇ ತರಗತಿ.
ಹೆಸರಿನ ಮೇಲೆ ಕೆಂಪು ಗೀಟು, ನನ್ನದೇ ಕೈಯದು.
ಪಕ್ಕದಲ್ಲಿ: ಬಿಟ್ಟಿದ್ದಾಳೆ.

ಹೂವಪ್ಪನವರು ಸ್ಕಾರ್ಫ್ ಮಡಚಿ ಮೇಜಿನ ಮೇಲಿಟ್ಟರು.
“ಆಯನೂರು ಬಸ್ಸಿದೆ” ಎಂದು ಎದ್ದು ಹೋದರು.

ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ನಾಲ್ಕು ಜನ ಏನನ್ನೂ ತೀರ್ಮಾನಿಸುವಂತಿಲ್ಲ, ನಿಯಮ ಹನ್ನೊಂದು.
ಅದನ್ನು ಬರೆದವರು ಅವರೇ, ತೊಂಬತ್ತೆರಡರಲ್ಲಿ.
ಬೇಕೆಂದೇ ಎದ್ದರೋ? ಹೇಗೆ ಹೇಳಲಿ,
ಆರೂ ಹತ್ತಕ್ಕೆ ಆಯನೂರು ಬಸ್ಸು ಇರುವುದೂ ನಿಜ.

ಬೀಗ ಹಾಕಿ ಬಂದರೆ ಕೊಡಿಕಂಬದ ಹತ್ತಿರ ಆ ತುಂಗಾನಗರದ ಹುಡುಗ,
ಹಗ್ಗ ಸುತ್ತಿಟ್ಟು ಕಾಯುತ್ತಿದ್ದ.
“ಸರ್, ಹದಿನಾಲ್ಕಕ್ಕೆ ಶೂ ಪಾಲಿಶ್ ಮಾಡ್ಕೊಂಡು ಬರಬೇಕಾ?”
ಕೇಳಿ, ಕಲಿಸಿದಂತೆ ನೆಟ್ಟಗೆ ನಿಂತು
ಎಡಗೈ ಚಾಚಿದ.

ನನ್ನ ಎಡಗೈಯಲ್ಲಿ
ಫೋನು ಅದುರುತ್ತಿತ್ತು.