ಎರಡು ಚುಕ್ಕಿ

ಅ ಅಂದರೆ ಅಳಿಲು. ಬಣ್ಣ ಒರಸಿಹೋದರೂ
ಬಾಲ ಉಳಿದಿದೆ, ಗುರುತು ಸಿಗುತ್ತದೆ.
ಈ, ಈಳಿಗೆ. ಔ, ಔಡಲ.
ಔಡಲವನ್ನು ನಾನು ತೋರಿಸಬೇಕಾಗಲಿಲ್ಲ,
ಸುಹೇಬನೇ ಬೇಲಿಯಿಂದ ಮುಳ್ಳುಗೊನೆ ಮುರಿದು ತಂದು
ಮೇಜಿನ ಮೇಲಿಟ್ಟ.
ಅಃ ಮಾತ್ರ ಖಾಲಿ ಚೌಕ.
ಚಾರ್ಟು ಬರೆದವನಿಗೆ ಅಲ್ಲಿಗೆ ಬರುವಷ್ಟರಲ್ಲಿ
ಬಣ್ಣ ಮುಗಿದಿರಬೇಕು.

ಕಟ್ಟಾಯ ದಾಟಿ, ಆಲೂಗೆಡ್ಡೆ ಹೊಲಗಳ ಮಗ್ಗುಲಲ್ಲಿ
ಈ ಕೊಪ್ಪಲಿನ ಶಾಲೆ. ಒಂದು ಎರಡು ಮೂರು
ಮೂರೂ ತರಗತಿ ಒಂದೇ ಕೋಣೆಯಲ್ಲಿ, ಹತ್ತೊಂಬತ್ತು ಮಕ್ಕಳು.
ನಾನು ಇಂಡಿ ಕಡೆಯವಳು.
ಬಂದ ಮೊದಲ ವಾರ ಗೆಡ್ಡೆಯೊಂದನ್ನು ಎತ್ತಿ ಹಿಡಿದು
"ಬಟಾಟಿ" ಅಂದೆ.
ಆ ನಗು ಅಡುಗೆಮನೆಗೂ ಕೇಳಿ
ತಾಯಮ್ಮ ಸೌಟು ಹಿಡಿದೇ ಓಡಿ ಬಂದಿದ್ದರು.

ಅಂದಿನಿಂದ ಒಪ್ಪಂದ:
ನಾನೊಂದು ಮಾತು ಕೊಟ್ಟರೆ ಅವರೊಂದು ಕೊಡಬೇಕು.
"ಹಡಗು" ಕೊಟ್ಟೆ, "ಮಂಕರಿ" ಸಿಕ್ಕಿತು.
"ದಿಗಂತ"ಕ್ಕೆ ಬದಲು "ತೆವರಿ".
"ನಕ್ಷತ್ರ" ಅಂದದ್ದಕ್ಕೆ ಮೋನಿಷ ತುಂಬ ಯೋಚಿಸಿ
"ಅಂಗಮಾರಿ" ಕೊಟ್ಟಳು:
ಎಲೆ ತುಂಬ ಚುಕ್ಕಿ ಬೀಳ್ತವಂತೆ,
ಅವು ಕಪ್ಪಗಿರ್ತವಂತೆ, ಅಷ್ಟೇ ವ್ಯತ್ಯಾಸ.

ಸೋಮವಾರ ನಾನು ಕೊಟ್ಟದ್ದು: ಬಹುಶಃ.
ಹಲಗೆಯ ಮೇಲೆ ಬರೆದಾದ ಮೇಲೆ ಗೊತ್ತಾಯಿತು,
ಎತ್ತಿ ಹಿಡಿಯಲು ಕೈಯಲ್ಲೇನೂ ಇಲ್ಲ.
"ಹೂಂ ಅಂತಲಾ ಮಿಸ್?"
ಅಲ್ಲ.
"ಇಲ್ಲ ಅಂತಲಾ?"
ಅದೂ ಅಲ್ಲ.
"ಹಂಗಾರೆ ಸುಳ್ಳು" ಎಂದು ಸುಹೇಬ
ತೀರ್ಪು ಕೊಟ್ಟು ಕೂತುಬಿಟ್ಟ.

ಮುಷ್ಟಿ ಮುಚ್ಚಿ ಮುಂದೆ ಚಾಚಿದೆ.
ಇದರಲ್ಲಿ ಹುಣಸೆಬೀಜ ಇದೆಯಾ?
"ಅದೆ!" "ಇಲ್ಲ!" "ಅದೇ ಅದೆ!"
ನೋಡದೆ ಹೇಗೆ ಹೇಳ್ತೀರಿ?
ಗದ್ದಲ ನಿಂತಿತು. ಎಷ್ಟು ನಿಂತಿತೆಂದರೆ
ಹೆಂಚಿನ ಮೇಲೆ ನಿಜವಾದ ಅಳಿಲು
ಓಡಿ ಹೋದದ್ದು ಎಲ್ಲರಿಗೂ ಕೇಳಿಸಿತು.
ಈಗ ಸುಮ್ಮನಾದಿರಲ್ಲ, ಅಂದೆ, ಅದರ ಹೆಸರು ಇದು.
ಬೆರಳು ಬಿಡಿಸಲು ಬಂದರು. ಬಿಡಲಿಲ್ಲ.

"ಕೊನೇಲಿ ಆ ಎರಡು ಚುಕ್ಕಿ ಯಾಕೆ?" ಎಂದಳು ಜೀವಿತ.
ಅದು ಉಸಿರು.
ಬಾಯಿಯ ಮುಂದೆ ಅಂಗೈ ಹಿಡಿದು ಹೇಳಿ ನೋಡಿ.
ಹತ್ತೊಂಬತ್ತು ಅಂಗೈಗೆ ಹತ್ತೊಂಬತ್ತು ಬೆಚ್ಚನೆಯ "ಹ".
ಚಿರಂತ ತನ್ನದನ್ನು ಪಕ್ಕದವಳ ಕಿವಿಗೆ ಊದಿ
ಸ್ಲೇಟಿನಲ್ಲಿ ಏಟು ತಿಂದ.

ಆಮೇಲೆ ಹಿಡಿಯುವವರಿಲ್ಲ.
ಇವತ್ತು ಬಹುಶಃ ಮೊಟ್ಟೆ, ಎಂದು ತಾಯಮ್ಮನಿಗೇ ಹೇಳಿದರು.
"ಬಹುಶನೂ ಇಲ್ಲ ಗಿಹುಶನೂ ಇಲ್ಲ, ಚಿಕ್ಕಿ."
ಕಾಪಿ ಬರೆದಿದ್ದೀಯಾ? ಬಹುಶಃ ಬರ್ದಿದೀನಿ ಮಿಸ್.
ಏಳೆಂಟ್ಲ? ಬಹುಶಃ ಐವತ್ತಾರು.
ಅಲ್ಲಿ ಬೇಡ ಮಗಾ,
ಮಗ್ಗಿಯಲ್ಲಿ ಅದಕ್ಕೆ ಕೂರಲು ಜಾಗವಿಲ್ಲ.

ಶುಕ್ರವಾರ ಹಾಜರಿ ಕರೆಯುವಾಗ
ಚಿರಂತ, ಅಂದೆ. ಚಿರಂತ?
ಮೂರನೆಯ ದಿನ.
"ಅವ್ರಮ್ಮ ಕರ್ಕೊಂಡೋಗವ್ರೆ ಮಿಸ್, ಹೊಳೆನರಸೀಪುರಕ್ಕೆ."
"ಅಜ್ಜಿ ಮನೇಗೆ."
"ಅವ್ರಪ್ಪ ಬಸ್‌ಸ್ಟಾಪ್ ಗಂಟ ಬರಲೇ ಇಲ್ಲ."
"ಬಟ್ಟೆ ಗಂಟು ಇಷ್ಟು ದಪ್ಪ ಇತ್ತು."
ವಾಪಸ್ ಬರ್ತಾನಾ?

ಯಾವ ಪ್ರಶ್ನೆಯನ್ನೂ ಮುಗಿಯಗೊಡದ ಜೀವಿತ
ಈ ಸಲ ಕಿಟಕಿಯ ಕಡೆ ನೋಡಿದಳು,
ಅಂಗೈಯನ್ನು ಬಾಯಿಯ ಮುಂದೆ ಹಿಡಿದು
ಮೆಲ್ಲಗೆ, ಎರಡೂ ಚುಕ್ಕಿ ಬಿಡದಂತೆ,
ಹೇಳಿದಳು.

ಹಾಜರಿ ಪುಸ್ತಕಕ್ಕೆ ಬರುವುದು ಎರಡೇ ಮಾತು.
ಪೆನ್ನು ಕೆಳಗಿಟ್ಟೆ. ಪೆನ್ಸಿಲ್ ಹುಡುಕಿ
ಅವನ ಹೆಸರಿನ ಸಾಲಿನಲ್ಲಿ, ಇವತ್ತಿನ ಮನೆಯೊಳಗೆ
ಒಂದರ ಕೆಳಗೊಂದು ಎರಡು ಚುಕ್ಕಿ ಇಟ್ಟೆ.
ಸಿ.ಆರ್.ಪಿ. ಸಾಹೇಬರು ಬಂದು ಏನಿದು ಮೇಡಂ ಅಂದರೆ
ಅವರನ್ನೂ ಚಾಪೆಯ ಮೇಲೆ ಕೂರಿಸಬೇಕಾಗುತ್ತದೆ.

ಮುಂದಿನ ಹೆಸರು ಕರೆದೆ. ಸುಹೇಬ.
"ಬಂದಿದೀನಿ ಮಿಸ್.
ಅವತ್ತು ಕೈಯಲ್ಲಿ ಬೀಜ ಇತ್ತಾ?"