ಪೀಬೆರಿ

ಹೆಸರಿಗೆ ಬಿದ್ದಪ್ಪ. ಬಿದ್ದದ್ದು ಯಾರೂ ಕಂಡಿಲ್ಲ.
ಅಮ್ಮತ್ತಿ ಕ್ಲಬ್ಬಿನ ಹಿಂದಿನ ಮಣ್ಣಿನ ಕೋರ್ಟಿನಲ್ಲಿ
ಒಂಬತ್ತು ವರ್ಷ, ಒಂಬತ್ತು ಬೆಳ್ಳಿ ಲೋಟ,
ಎಲ್ಲವೂ ಬಾರಿನ ಕಪಾಟಿನಲ್ಲಿ.
ಎರಡರಲ್ಲಿ ಹಳೆ ಬಿಲ್ಲು, ಒಂದರಲ್ಲಿ ಹಲ್ಲುಕಡ್ಡಿ.

ಹುತ್ತದ ಮಣ್ಣು ಜರಡಿ ಹಿಡಿದು, ಸಗಣಿ ಬಗ್ಗಡ ಹೊಯ್ದು,
ರೋಲರ್ ಎಳೆದ ನೆಲ. ಚೆಂಡು ಅಲ್ಲಿ ಅವಸರಪಡುವುದಿಲ್ಲ.
ಬಿದ್ದಪ್ಪನೂ ಅಷ್ಟೆ. ಗೆರೆಗೆ ಎರಡಡಿ ಹಿಂದೆ ನಿಂತು
ಸಾಲ ಇಟ್ಟುಕೊಳ್ಳಲಾರದವನ ಹಾಗೆ
ಬಂದದ್ದನ್ನೆಲ್ಲ ಹಿಂದಿರುಗಿಸುತ್ತಾನೆ.

ಬಾಜಿಗೆ ಇದೇ ಕಷ್ಟ.
ಗೆಲ್ಲುವವನ ಮೇಲೆ ಎಲ್ಲರೂ ಕಟ್ಟಿದರೆ
ದುಡ್ಡು ಕೊಡುವವರು ಯಾರು?
ಸೋಲಲಿಕ್ಕೂ ಒಬ್ಬರು ಬೇಕಲ್ಲ.
ಹಾಗಾಗಿ ಮೂರನೇ ವರ್ಷದಿಂದ ಒಂದು ಪದ್ಧತಿ:
ಸೆಕ್ರೆಟರಿಯ ಹ್ಯಾಟಿನಲ್ಲಿ
ಇಪ್ಪತ್ತಮೂರು ಚಪ್ಪಟೆ ಕಾಫಿ ಬೀಜ, ಒಂದು ಪೀಬೆರಿ,
ಹಣ್ಣಿನೊಳಗೆ ಜೋಡಿಯಿಲ್ಲದೆ ಬೆಳೆದು
ತನ್ನಷ್ಟಕ್ಕೆ ಉರುಟಾದದ್ದು.
ಅದು ಸಿಕ್ಕವರು
ಬಿದ್ದಪ್ಪನ ಎದುರಾಳಿಯ ಮೇಲೆ, ಅವನು ಯಾರೇ ಆಗಲಿ,
ಎರಡು ಸಾವಿರದ ಮುನ್ನೂರು ಕಟ್ಟಬೇಕು.
ಬಿದ್ದಪ್ಪ ಗೆದ್ದರೆ ಉಳಿದವರಿಗೆ ತಲಾ ನೂರು.
ಸೋತರೆ ಅವರು ತಲಾ ಸಾವಿರ ತೆರಬೇಕು.
ಯಾರೂ ತೆತ್ತಿಲ್ಲ.

ಈ ಸಲ ನನಗೆ ಬಂತು.
ಬೆರಳಿಗೆ ಮೊದಲೇ ಗೊತ್ತಾಗಿತ್ತು. ಬಿಟ್ಟು ಬೇರೆಯದನ್ನು ಹಿಡಿಯಬಹುದಿತ್ತು.
ಇಪ್ಪತ್ತಾರು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತ ಬೆರಳು,
ಬಿಡಲಿಲ್ಲ.
"ಅಯ್ಯೋ ಬೋಜಕ್ಕ!" ಎಂದರು ಎಲ್ಲ, ನಗುತ್ತ,
ಬಿಟ್ಟಿ ಜಿನ್ನು ತರಿಸಿದರು.

ಎದುರಾಳಿ ಸಂಪಾಜೆಯ ಪಿ.ಟಿ. ಮೇಷ್ಟ್ರು, ಮೋನಪ್ಪ.
ಘಾಟಿ ಹತ್ತಿದ ಬಸ್ಸಿನ ಧೂಳು ಬ್ಯಾಗಿನ ಮೇಲೆ ಹಾಗೇ ಇತ್ತು.

ಒಂಬತ್ತು ವರ್ಷ ಈ ಫೈನಲ್ಲು ನೋಡಿದ್ದೇನೆ
ಅಂದುಕೊಂಡಿದ್ದೆ.
ನೋಡಿದ್ದು ಬಿದ್ದಪ್ಪನ ಅಂಗಿಯ ಬೆನ್ನು,
ಅದೂ ಚಿಪ್ಸು ತಿನ್ನುತ್ತ, ರೊಬಸ್ಟಾದ ರೇಟು ಮಾತಾಡುತ್ತ.
ಈಗ ಕಂಡಿತು: ಎದುರು ಕಡೆಯೂ ಒಬ್ಬ ಮನುಷ್ಯ.
ಸರ್ವಿಗೆ ಮೊದಲು ಎಡ ಶೂಸಿನ ಲೇಸು ಮುಟ್ಟುತ್ತಾನೆ.
ಸೋತ ಪಾಯಿಂಟಿನ ಚೆಂಡನ್ನು ತಾನೇ ಹೆಕ್ಕುತ್ತಾನೆ,
ಹುಡುಗನಿಗೆ ಬೇಡವೆಂದು ಕೈ ತೋರಿಸಿ.
ನನ್ನ ಎರಡು ಸಾವಿರದ ಮುನ್ನೂರು
ಅವನ ಜೊತೆ ಓಡಿ ಓಡಿ ಏದುಸಿರು ಬಿಡುತ್ತಿತ್ತು.

ಮೂರನೇ ಸೆಟ್ಟು. ಐದು, ನಾಲ್ಕು. ಮುಂದಿದ್ದವನು ಮೋನಪ್ಪ.
ಮ್ಯಾಚ್ ಪಾಯಿಂಟು.
ಅಡ್ಡಕ್ಕೆ ಎಳೆದು ಹೊಡೆದ. ಮೂಲೆಯಲ್ಲಿ
ಸುಣ್ಣದ ಪುಡಿ ಎದ್ದಿತು. ನಾನು ಕಂಡೆ.
"ಔಟ್" ಎಂದ ಗೆರೆ ಕಾಯುವ ಹುಡುಗ.

ಮಣ್ಣು ಬರೆದಿಟ್ಟುಕೊಳ್ಳುತ್ತದೆ. ಅದಕ್ಕೇ
ಇಂಥ ಕೋರ್ಟಿನಲ್ಲಿ ಜಗಳ ಕಡಿಮೆ.
ಅಂಪೈರು ಏಣಿ ಇಳಿಯತೊಡಗಿದರು,
ಮಂಡಿನೋವಿನವರು, ಒಂದೊಂದೇ ಮೆಟ್ಟಿಲು.
ಅಷ್ಟರೊಳಗೆ ಬಿದ್ದಪ್ಪ ಟವೆಲ್ಲಿನ ಕಡೆ ನಡೆದ.
ಗುರುತಿನ ಮೇಲೇ ನಡೆದ,
ಬಲಗಾಲು ಕೊಂಚ ಎಳೆದು,
ದಣಿದವರು ಎಳೆಯುತ್ತಾರಲ್ಲ, ಹಾಗೆ.

ಇಪ್ಪತ್ತಮೂರು ಜನ ಅಲ್ಲಿಗೇ ನೋಡುತ್ತಿದ್ದರು.
ಇಪ್ಪತ್ತಮೂರು ಜನಕ್ಕೂ ದಣಿವು ಕಂಡಿತು.

ಕಪಾಟಿನಲ್ಲಿ ಈಗ ಹತ್ತು ಲೋಟ.

ಎದ್ದು ಹೇಳಬಹುದಿತ್ತು.
ದುಡ್ಡು ಕಟ್ಟಿದವಳ ಸಾಕ್ಷಿ ಯಾರು ಕೇಳುತ್ತಾರೆ
ಎಂಬುದು ಆಮೇಲೆ ಹೊಂದಿಸಿಕೊಂಡ ಮಾತು.
ಆ ಹೊತ್ತಿಗೆ ಬರೀ ಗಂಟಲು ಒಣಗಿತ್ತು.
ಮೋನಪ್ಪ ನಾಲ್ಕೂವರೆಯ ಬಸ್ಸಿಗೆ ಓಡಿದ.
ತನ್ನ ಮೇಲೂ ಒಬ್ಬಳು ಕಟ್ಟಿದ್ದಳೆಂದು
ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಎಣಿಸಿ ಕೊಟ್ಟೆ, ನೂರರ ಇಪ್ಪತ್ತಮೂರು ನೋಟು,
ಒಂದೊಂದನ್ನೂ ಬೆಳಕಿಗೆ ಹಿಡಿದು. ಅಭ್ಯಾಸ.
"ಬರುವ ವರ್ಷ ಒಳ್ಳೆ ಬೀಜ ಸಿಗಲಿ ಅಕ್ಕ" ಎಂದ ಬಿದ್ದಪ್ಪ.
ಕಣ್ಣು ತಪ್ಪಿಸಲಿಲ್ಲ.
ಇವತ್ತಿಗೂ ತಾಳೆಯಾಗದ ಲೆಕ್ಕ ಅದೊಂದೇ.

ಹೊರಗೆ ಚೋಮ ಒದ್ದೆ ಗೋಣಿ ಎಳೆಯುತ್ತ
ಒಳಗೆ ಬಿದ್ದದ್ದು, ಹೊರಗೆ ಬಿದ್ದದ್ದು ಎನ್ನದೆ
ಗುರುತುಗಳನ್ನೆಲ್ಲ ಅಳಿಸುತ್ತಿದ್ದ.

ಪೀಬೆರಿ ವಾಪಸು ಕೊಟ್ಟಿಲ್ಲ.
ಬ್ಯಾಂಕಿನಲ್ಲಿ, ನನ್ನ ಡ್ರಾಯರಿನ ಚಿಲ್ಲರೆ ಖಾನೆಯಲ್ಲಿದೆ.
ದಿನದ ಕೊನೆಗೆ ಎಳೆದಾಗ
ನಾಣ್ಯಗಳ ನಡುವೆ ಉರುಳುತ್ತದೆ,
ಯಾವ ಮೊತ್ತಕ್ಕೂ ಸೇರದೆ.