ಚಪ್ಪಲಿ ಹಾಕ್ಕೊಂಡ ಮಾತು

ಮೊದಲು ಸಿಕ್ಕ ಮಾತು ನಿಂದ್ರು.
ಸಿಂಧನೂರ ಸ್ಟ್ಯಾಂಡಿನಲ್ಲಿ ಟಂಟಂ ಡ್ರೈವರ್
ಕೈ ಎತ್ತಿ ನಿಂದ್ರು ನಿಂದ್ರು ಅಂದಾಗ
ಯಾರ ನಿಂದೆ ಮಾಡಿದೆ ನಾನು ಅಂತ
ಮೀನಿನ ಬುಟ್ಟಿ ಅವಚಿಕೊಂಡು ಅಳುಮೋರೆ ಹಾಕಿದ್ದೆ.
ಮದುವೆಯಾಗಿ ಮೂರನೇ ಕ್ಯಾಂಪಿಗೆ ಬಂದು
ಹನ್ನೊಂದು ದಿನ.

ಆಮೇಲಿನವು ಕೆಸರಿನಲ್ಲಿ ಸಿಕ್ಕವು,
ಭತ್ತದ ಸಸಿ ಹಚ್ಚುವಾಗ
ಮುಂದೆ ಬಗ್ಗಿದವರ ಬೆನ್ನ ಮೇಲಿಂದ ಹಾರಿ:
ಜರ, ಲಗೂ, ಮುಂಜಾನಿ, ಸಾಕಾತು.
ಒಂದು ಸಲಕ್ಕೆ ಯಾವುದೂ ನಿಲ್ಲಲಿಲ್ಲ.
ದಿನಾ ಬುಟ್ಟಿ ಮೂಸಿ ಓಡಿಹೋಗುವ ಬೆಕ್ಕಿನ ಹಾಗೆ
ಬಂದವು, ಹೋದವು, ಬಂದವು.
ಒಂದು ದಿನ ನೋಡಿದರೆ
ಮಡಿಲಲ್ಲೇ ಮಲಗಿದ್ದವು.

ಓದು ಬಂದದ್ದು ಟುಂಪಾಳ ಎರಡನೇ ಕ್ಲಾಸಿನ ಪುಸ್ತಕದಿಂದ,
ಮಿಟುಕುವ ಟ್ಯೂಬ್‌ಲೈಟಿನ ಕೆಳಗೆ.
ಹೋಗುತ್ತಿದ್ದೇನೆ ಅಂತ ಬರೆದಿತ್ತು.
ಯಾರು ಹೀಗೆ ಹೋಗುತ್ತಾರೆ?
ನಾನು ಕಂಡವರೆಲ್ಲ ಹೊಂಟೀನಿ ಅಂತಲೇ ಹೋಗುತ್ತಾರೆ.
ಟುಂಪಾ ನಕ್ಕಳು: ಮಾ, ಎರಡೂ ಒಂದೇ,
ಇದು ಚಪ್ಪಲಿ ಹಾಕ್ಕೊಂಡದ, ಅಷ್ಟೇ.

ಒಂಬತ್ತು ವರ್ಷ ಸಾಕಾತು ಅಂದಿದ್ದೆ ಒಂದೇ ಉಸಿರಿಗೆ.
ಪುಸ್ತಕದಲ್ಲಿ ಸಾಕು ಬೇರೆ, ಆಯಿತು ಬೇರೆ,
ನಡುವೆ ಒಂದು ಬೆರಳು ಖಾಲಿ ಜಾಗ.
ಆ ಜಾಗವನ್ನು ಕಿವಿ ಎಂದೂ ಹೇಳಿರಲಿಲ್ಲ.

ಇಷ್ಟಾದರೂ ಒಂದು ಮಾತನ್ನು
ಯಾವ ಪುಸ್ತಕವೂ ತಿದ್ದಲಿಲ್ಲ.
ಪಕ್ಕದಲ್ಲಿ ಹೂವು ಮಾರುವ ಮಾಬಮ್ಮ
ಮೂರು ಗಂಟೆಯ ಬಿಸಿಲಲ್ಲಿ ಮಲ್ಲಿಗೆ ಎತ್ತಿ ನೋಡಿ
ಬಾಡಿ ಹೋದವು ನೋಡವ್ವ, ಅಂದಳು.
ಬಾಡಿ ಅಂದರೆ ನಮ್ಮಲ್ಲಿ ಮನೆ.
ಖುಲ್ನಾದ ಬಾಡಿ, ಹೊಳೆಯಾಚೆಯ ಬಾಡಿ,
ಹೋಯಿತು ಅಂತ ಅತ್ತೆ ಬಂಗಾಳಿಯಲ್ಲೇ ಅತ್ತಳು,
ಇಲ್ಲಿ ಅದು ಬರೀ ಹೂವಿನ ಮಾತೆಂದು
ಗೊತ್ತಾಗುವ ಮೊದಲೇ ಸತ್ತಳು.

ನಡಿಯವ್ವ, ಮನಿಗೆ, ಅಂದಳು ಮಾಬಮ್ಮ.
ಮೊನಿ ಅಂತ ನಾನು ಕರೆಯುವುದು ಟುಂಪಾಳನ್ನು,
ಮುದ್ದು ಉಕ್ಕಿದಾಗ ಮಾತ್ರ.
ಬಾಡಿದ್ದೊಂದು ಮೊಳ ನನ್ನ ಬುಟ್ಟಿಗೆ ಹಾಕಿದಳು.
ರೊಕ್ಕ ಬ್ಯಾಡ ಅಂದದ್ದನ್ನು
ಯೋಚಿಸದೆ ತಿಳಿದುಕೊಂಡೆ,
ಕನ್ನಡವೋ ಬಂಗಾಳಿಯೋ ನೋಡಲಿಲ್ಲ.

ರಾತ್ರಿ ಮೊನಿಯ ಜಡೆಗೆ ಮುಡಿಸಿದೆ.
ಮನೆಯ ತುಂಬ ಮಲ್ಲಿಗೆ,
ಜರ ಮೀನು.